ಘರ್ಷಣೆಯನ್ನು ಊರು ಬಿಡಿಸಿದ ಕ್ಲೆಮ್

ಮರಿಂಡಾ ಊರಿನ ಗ್ರಂಥಾಲಯದಲ್ಲಿ ಶಾಲೆಯ ವಿಜ್ಞಾನದ ಮೇಷ್ಟ್ರು ಟ್ರಾನ್ ಅವರು ‘ಶಕ್ತಿಯ ಲೆಕ್ಕಾಚಾರ’ ಎಂಬ ವಿಷಯದ ಮೇಲೆ ಉಪನ್ಯಾಸ ಕೊಟ್ಟ ಸಂಜೆ, ಕ್ಲೆಮ್ ಟ್ರೆಜೈಸ್ ಅದರ ಮೊದಲ ಅರ್ಧವನ್ನು ಮಾತ್ರ ಕೇಳಿದ. ಇದಕ್ಕೆ ಅವನನ್ನು ದೂರುವುದು ನ್ಯಾಯವಲ್ಲ. ನಡುವೆ ಚಹಾಕ್ಕೆ ಬಿಟ್ಟರು. ಚಹಾದ ಜೊತೆ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಬಿಸಿ ಪೇಸ್ಟಿ ಇಟ್ಟರು. ತಾಮ್ರದ ಗಣಿ ಕೆಲಸಕ್ಕೆಂದು ಹಡಗು ಹತ್ತಿ ಬಂದವರ ಆ ಕಡಲಂಚಿನ ಊರಿನಲ್ಲಿ, ಪೇಸ್ಟಿ ಹೊರಗೆ ಬಂತೆಂದರೆ ಸಭೆ ಮುಗಿಯಿತೆಂದೇ ಮುತ್ತಜ್ಜಂದಿರ ಕಾಲದಿಂದ ಅರ್ಥ. ಕ್ಲೆಮ್ ಎರಡು ಪೇಸ್ಟಿ ತಿಂದು, ಹೆಂಡತಿಗೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಮೇಷ್ಟ್ರ ಕೈ ಕುಲುಕಿ, "ಬಹಳ ಚೆನ್ನಾಗಿ ಮುಗಿಸಿದ್ರಿ," ಎಂದು ಹೇಳಿ ಹೊರಟ. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಬೀದಿಯ ತಿರುವು ದಾಟಿಯಾಗಿತ್ತು.

ಕೇಳಿದ ಅರ್ಧವನ್ನು ಮಾತ್ರ ಅವನು ಶ್ರದ್ಧೆಯಿಂದ ಕೇಳಿದ್ದ. ಎತ್ತರದಿಂದ ಬಿಟ್ಟ ಚೆಂಡಿನ ಎತ್ತರವೆಲ್ಲ ವೇಗವಾಗುತ್ತದೆ. ಆ ವೇಗವೆಲ್ಲ ಮತ್ತೆ ಎತ್ತರವಾಗುತ್ತದೆ. ಎರಡನ್ನೂ ಕೂಡಿಸಿದರೆ ಮೊತ್ತ ಒಂದಿಷ್ಟೂ ಕಡಿಮೆಯಾಗುವುದಿಲ್ಲ, ಘರ್ಷಣೆಯೊಂದು ಇಲ್ಲದಿದ್ದರೆ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯನಿಗೆ ಇದು ತಕ್ಷಣ ನಾಟಿತು. ಲೆಕ್ಕದಲ್ಲಿ ಮಕ್ಕಳು ಕಡಿಮೆಯಾದರೆ ಯಾರೋ ಒಬ್ಬ ಎಲ್ಲೋ ಇಳಿದಿದ್ದಾನೆ ಎಂದೇ ಅರ್ಥ.

ಮನೆಯಲ್ಲಿ ಹೆಂಡತಿ ಡಲ್ಸಿ ಕಾಲು ನೀಡಿಕೊಂಡು, ನೋಯುವ ಮಂಡಿಯ ಮೇಲೆ ತಣ್ಣಗಿರಲೆಂದು ಫ್ರಿಜ್ಜಿನ ಬಟಾಣಿ ಪೊಟ್ಟಣ ಇಟ್ಟುಕೊಂಡು ಕುಳಿತಿದ್ದಳು.

"ಹೇಗಿತ್ತು?" ಎಂದು ಕೇಳಿದಳು.

"ಶನಿವಾರ ನೀನು ಗೆಲ್ತೀಯ."

"ಉಪನ್ಯಾಸ ಶಕ್ತಿ ಮೇಲಿತ್ತೋ, ಜ್ಯೋತಿಷ್ಯದ ಮೇಲಿತ್ತೋ?"

"ನಿನ್ನ ಚೆಂಡು ಅರ್ಧ ದಾರೀಲಿ ನಿಲ್ತಿರೋದು ನಿನ್ನ ಮಂಡಿಯಿಂದ ಅಲ್ಲ ಕಣೆ. ದಾರೀಲಿ ಕಳ್ಳ ಇದಾನೆ. ಹೆಸರು ಘರ್ಷಣೆ."

"ಪೇಸ್ಟಿ ತಂದಿದೀಯಾ?" ಎಂದಳು ಡಲ್ಸಿ.

ಶನಿವಾರದ ವಿಷಯ ಹೇಳಬೇಕು. ಮರಿಂಡಾದಲ್ಲಿ ಮನುಷ್ಯರ ಯೋಗ್ಯತೆಯನ್ನು ಅಳೆಯುವುದು ಚೆಂಡುರುಳಿಕೆಯ ಕ್ಲಬ್ಬಿನಲ್ಲಿ. ನುಣ್ಣಗೆ ಕತ್ತರಿಸಿದ ಚೌಕ ಹುಲ್ಲಂಗಳ. ಆ ತುದಿಯಲ್ಲೊಂದು ಪುಟ್ಟ ಬಿಳಿ ಚೆಂಡು. ಈ ತುದಿಯಿಂದ ಬಿಳಿ ಬಟ್ಟೆ ತೊಟ್ಟವರು ಬಗ್ಗಿ ಕಪ್ಪು ಚೆಂಡುಗಳನ್ನು ಉರುಳಿಸುತ್ತಾರೆ. ಕಪ್ಪು ಚೆಂಡನ್ನು ಒಂದು ಬದಿಗೆ ತುಸು ವಾಲುವಂತೆಯೇ ಮಾಡಿರುತ್ತಾರೆ, ಹಾಗಾಗಿ ಅದು ನೆಟ್ಟಗೆ ಹೋಗದೆ ಬಳಸಿಕೊಂಡು ಹೋಗುತ್ತದೆ. ಬಿಳಿಯದಕ್ಕೆ ಯಾರ ಚೆಂಡು ಹತ್ತಿರವೋ ಅವರು ಗೆದ್ದರು. ಅಂಗಳ ದಾಟಿ ಅಂಚಿನ ಚರಂಡಿಗೆ ಬಿದ್ದದ್ದು ಸತ್ತಂತೆ. ಡಲ್ಸಿ ಅಲ್ಲಿನ ಮೊದಲ ತಂಡದ ನಾಯಕಿ. ಮಂಡಿ ಕೆಡುವ ಮೊದಲು ಅವಳ ಕೈಯಲ್ಲಿ ಚೆಂಡು ಸಾಕಿದ ಬೆಕ್ಕಿನಂತೆ ಹೇಳಿದಲ್ಲಿ ಹೋಗಿ ಮಲಗುತ್ತಿತ್ತು. ಆದರೂ ಅಂತಿಮ ಪಂದ್ಯದಲ್ಲಿ ಪ್ರತಿ ಸಲವೂ ಪಕ್ಕದ ಕೂಲ್ಬಾ ಊರಿನವರೇ ಬಹುಮಾನದ ಬಟ್ಟಲು ಹೊತ್ತುಕೊಂಡು ಹೋಗುತ್ತಿದ್ದರು. ಈ ಶನಿವಾರ ಮತ್ತೆ ಕೂಲ್ಬಾ ಜೊತೆಗೇ ಅಂತಿಮ ಪಂದ್ಯ. ಸೋಮವಾರ ಅಡಿಲೇಡ್‌ನಲ್ಲಿ ಡಲ್ಸಿಯ ಮಂಡಿಗೆ ಶಸ್ತ್ರಚಿಕಿತ್ಸೆ. ಆಮೇಲೆ ನೆಲದ ತನಕ ಬಗ್ಗುವ ಆಸೆ ಬಿಡಬೇಕೆಂದು ಡಾಕ್ಟರು ಹೇಳಿದ್ದರು. ಆದ್ದರಿಂದ ಈ ಸಲ ಸೋತರೆ "ಮುಂದಿನ ಸಲ ನೋಡ್ಕೊಳ್ಳೋಣ" ಎನ್ನುವ ಮಾತೇ ಇರಲಿಲ್ಲ. ಡಲ್ಸಿ ಇದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳದೆಯೇ ಕ್ಲೆಮ್‌ಗೆ ಗೊತ್ತಿತ್ತು, ಅದೊಂದೇ ಅವನ ನಿದ್ದೆ ಕೆಡಿಸಿತ್ತು.

ಮರುದಿನ ಬೆಳಿಗ್ಗೆ ಅವನು ಎಣ್ಣೆ ಡಬ್ಬಿ ಹಿಡಿದು ಕ್ಲಬ್ಬಿಗೆ ಹೋದ. ದೊಡ್ಡ ಕಳ್ಳನನ್ನು ಹಿಡಿಯುವ ಮೊದಲು ಸಣ್ಣಪುಟ್ಟ ಕಳ್ಳರ ಮೇಲೆ ಕೈ ಪಳಗಿಸಿಕೊಳ್ಳುವುದು ಕ್ರಮ. ಬಾಗಿಲುಗಳ ಕೀಲು, ಕಿಟಕಿಗಳ ಕೊಂಡಿ, ಬಿಯರ್ ಪೀಪಾಯಿಯ ನಲ್ಲಿ, ಅಧ್ಯಕ್ಷೆ ಎನಿಡ್ ಪೋಲ್‌ಗ್ರೇನ್ ಅವರ ಮೇಜಿನ ಮುಂದಿನ ತಿರುಗು ಕುರ್ಚಿ, ಯಾವುದನ್ನೂ ಅವನು ಬಿಡಲಿಲ್ಲ. ಕೊನೆಗೆ ಚಹಾ ತಳ್ಳುಗಾಡಿಯ ನಾಲ್ಕು ಗಾಲಿಗೂ ಎಣ್ಣೆ ಬಿಟ್ಟ.

ಎನಿಡ್ ಪೋಲ್‌ಗ್ರೇನ್ ಭಾರಿ ಆಳು, ಭಾರಿ ಗಾಂಭೀರ್ಯದವರು. ಕ್ಲಬ್ಬಿನಲ್ಲಿ ಅವರು ಕುಳಿತರೆ ಸಭೆ, ಎದ್ದರೆ ಸಭೆ ಮುಕ್ತಾಯ. ಅವರು ಅಂದು ತಳ್ಳುಗಾಡಿಯ ಮೇಲೆ ಚಹಾದ ಕೆಟಲ್ಲು, ಬಟ್ಟಲುಗಳು, ತೆಂಗಿನತುರಿ ಹೊರಳಿಸಿದ ಲ್ಯಾಮಿಂಗ್ಟನ್ ಕೇಕುಗಳನ್ನು ಜೋಡಿಸಿ ವರಾಂಡಕ್ಕೆ ತಂದು, ಸಕ್ಕರೆ ಮರೆತೆನೆಂದು ಒಳಗೆ ತಿರುಗಿದರು. ಮಳೆ ನೀರು ಹರಿಯಲೆಂದು ವರಾಂಡವನ್ನು ಒಂದಿಷ್ಟು ಇಳಿಜಾರಾಗಿ ಕಟ್ಟಿದ್ದರು. ಇಷ್ಟು ವರ್ಷ ಇದು ಮಳೆಗೆ ಮಾತ್ರ ಗೊತ್ತಿತ್ತು. ಇಂದು ಗಾಡಿಗೂ ಗೊತ್ತಾಯಿತು.

ಗಾಡಿ ಸದ್ದಿಲ್ಲದೆ ಹೊರಟಿತು. ಪತ್ರಿಕೆ ಓದುತ್ತ ಕುಳಿತವರ ಮುಂದೆ ಮೆರವಣಿಗೆಯಂತೆ ಹಾದು, ಇಳಿಜಾರಿನ ಹಲಗೆ ಇಳಿದು, ಚರಂಡಿಗೆ ಮೂತಿ ಕೊಟ್ಟು ನಿಂತಿತು. ಎಲ್ಲರೂ ಎದ್ದು ಓಡಿದರು. ಕ್ಲೆಮ್ ಕೂಡ ಓಡಿದ, ಆದರೆ ಹಿಡಿಯುವುದಕ್ಕಲ್ಲ, ನೋಡುವುದಕ್ಕೆ.

"ನೋಡಿದ್ರಾ ಎನಿಡ್, ಅಲ್ಲಿಂದ ಇಲ್ಲೀ ತನಕ ಒಂದು ಚೂರೂ ಸೋರಿಲ್ಲ," ಎಂದ ಅವನು, ಕಣ್ಣಲ್ಲಿ ನೀರು ತಂದುಕೊಂಡು.

"ಚಹಾ ಪೂರ್ತಿ ಸೋರಿದೆ," ಎಂದರು ಎನಿಡ್.

ಇಷ್ಟಕ್ಕೇ ನಿಂತಿದ್ದರೆ ಊರು ಮರೆಯುತ್ತಿತ್ತು. ಆದರೆ ಹುಲ್ಲಂಗಳ ನೋಡಿಕೊಳ್ಳುವ ಹೋರೇಸ್ ಕ್ಲಿಂಗ್ನರ್‌ಗೆ ಅದೇ ವಾರ ಅಡಿಲೇಡ್‌ನಲ್ಲಿ ಕಣ್ಣಿನ ಪೊರೆ ತೆಗೆಸುವುದಿತ್ತು. ಹೋರೇಸ್ ಮಾತು ಕಡಿಮೆ. ಇರುವ ಮಾತನ್ನೂ ಹುಲ್ಲಿನ ಜೊತೆ ಆಡುವವನು. ಅವನು ಹೊರಡುವಾಗ ಕ್ಲಬ್ಬಿನ ಬೀಗದ ಕೈಯನ್ನು ಕ್ಲೆಮ್‌ಗೆ ಕೊಟ್ಟ.

"ಸಂಜೆ ಸಂಜೆ ನೀರು ಬಿಡು. ಬೇರೇನೂ ಮಾಡ್ಬೇಡ."

"ನೀನು ನಿಶ್ಚಿಂತೆಯಿಂದ ಹೋಗಿ ಬಾ ಮಾರಾಯ," ಎಂದ ಕ್ಲೆಮ್.

ಹೋರೇಸ್ ಹೇಳಿದ್ದು ಎರಡೇ ಮಾತು. ಎರಡರಲ್ಲಿ ಒಂದನ್ನೂ ಕ್ಲೆಮ್ ಪಾಲಿಸಲಿಲ್ಲ. ನೀರು ಕುಡಿದ ಹುಲ್ಲು ಎದ್ದು ನಿಲ್ಲುತ್ತದೆ, ಎದ್ದು ನಿಂತ ಹುಲ್ಲು ಚೆಂಡನ್ನು ತಡೆಯುತ್ತದೆ; ಆದ್ದರಿಂದ ನೀರು ಬಂದ್. ಕತ್ತರಿಸುವ ಯಂತ್ರದ ಅಲಗನ್ನು ಇಳಿಸಬಹುದಾದಷ್ಟು ಇಳಿಸಿ ಅಂಗಳದ ತಲೆ ಬೋಳಿಸಿದ. ಆಮೇಲೆ ಶೆಡ್ಡಿನ ಹಿಂದೆ ತುಕ್ಕು ಹಿಡಿದು ಬಿದ್ದಿದ್ದ ಕಬ್ಬಿಣದ ರೋಲರನ್ನು ಎಳೆದು ತಂದು ಉದ್ದಕ್ಕೆ ಎಳೆದ, ಅಡ್ಡಕ್ಕೆ ಎಳೆದ, ಮೂಲೆಯಿಂದ ಮೂಲೆಗೆ ಎಳೆದ. ಉತ್ತರದ ಮರುಭೂಮಿ ಗಾಳಿಯೂ ಅವನ ಪಕ್ಷ ಸೇರಿ ದಿನವಿಡೀ ಬಿಸಿಯಾಗಿ ಬೀಸಿತು. ನಾಯಿ ಸುತ್ತಾಡಿಸಲು ಬಂದವರು ಬೇಲಿಯಾಚೆ ನಿಂತು, "ಕ್ಲೆಮ್, ಡಲ್ಸಿ ಮನೆಯಿಂದ ಹೊರಗೆ ಹಾಕಿದಾಳಾ?" ಎಂದು ಕೇಳಿದರು. ಕ್ಲೆಮ್ ಬೆವರೊರೆಸಿಕೊಂಡು, "ಕಳ್ಳನ್ನ ಊರು ಬಿಡಿಸ್ತಿದೀನಿ," ಎಂದ. ಅವರು ನಾಯಿಯನ್ನು ಸ್ವಲ್ಪ ಬಿಗಿಯಾಗಿ ಹಿಡಿದುಕೊಂಡು ಮುಂದೆ ಹೋದರು.

ಗುರುವಾರ ಅಭ್ಯಾಸಕ್ಕೆಂದು ಎಲ್ಲರೂ ಬಂದರು, ಮಂಡಿಗೆ ವಿಶ್ರಾಂತಿ ಕೊಡುತ್ತಿದ್ದ ಡಲ್ಸಿ ಒಬ್ಬಳನ್ನು ಬಿಟ್ಟು. ಮೊದಲ ಚೆಂಡು ಎನಿಡ್ ಅವರದು. ಅದು ಬಿಳಿ ಚೆಂಡನ್ನು ಕಂಡೂ ಕಾಣದಂತೆ ದಾಟಿ ಚರಂಡಿಗೆ ಬಿತ್ತು. ಎರಡನೆಯದೂ ಬಿತ್ತು. ಊರಿನ ಪ್ರತಿಷ್ಠಿತರ ಚೆಂಡುಗಳೆಲ್ಲ ಒಂದರ ಹಿಂದೊಂದು ಹೋಗಿ ಬಿದ್ದವು. ಚರಂಡಿ ತುಂಬಿತು, ಅಂಗಳ ಬರಿದಾಯಿತು.

ಎನಿಡ್ ಚಪ್ಪಲಿ ಬಿಟ್ಟು ಅಂಗಳದ ಮೇಲೆ ಒಂದು ಪಾದ ಇಟ್ಟು ನೋಡಿದರು. "ಇದು ಹುಲ್ಲಲ್ಲ ಕ್ಲೆಮ್. ಇದು ಕನ್ನಡಿ."

"ಇನ್ನೊಂದು ದಿನ ಬಿಟ್ಟಿದ್ರೆ ಮುಖ ಕೂಡ ಕಾಣ್ತಿತ್ತು," ಎಂದ ಕ್ಲೆಮ್, ವಿನಯದಿಂದ.

ಸಣ್ಣ ಊರಿನ ಸುದ್ದಿಗೆ ಮಾತ್ರ ಯಾವ ಘರ್ಷಣೆಯೂ ಇಲ್ಲ. ಬೇಕರಿಯಿಂದ ಹೊರಟದ್ದು ಕತ್ತಲಾಗುವ ಮೊದಲೇ ಕೂಲ್ಬಾ ತಲುಪಿತು. ಕೂಲ್ಬಾ ತಂಡದ ನಾಯಕ ರೆಜ್ ನಿಟ್ಸ್ಕೆ ಎನಿಡ್ ಅವರಿಗೆ ಫೋನು ಮಾಡಿ, ಸಕ್ಕರೆ ಸುರಿಯುವ ದನಿಯಲ್ಲಿ ಮಾತಾಡಿದ. "ನಿಮ್ಮ ಅಂಗಳದ ಮೇಲೆ ಚೆಂಡೇ ನಿಲ್ತಿಲ್ವಂತೆ, ಪಾಪ. ಶನಿವಾರ ಬೆಳಿಗ್ಗೆ ಅಂಪೈರ್ ಬಂದು ನೋಡ್ಲಿ. ಆಡೋಕೆ ಯೋಗ್ಯ ಇಲ್ಲ ಅಂತಾದ್ರೆ ನಿಯಮ ಗೊತ್ತಲ್ಲ, ಆಟ ನಮ್ಮಲ್ಲಿ. ಊಟಕ್ಕೆ ನಿಮ್ಮ ಕಡೆಯವರು ಎಷ್ಟು ಜನ ಅಂತ ಹೇಳ್ಬಿಡಿ."

ಕೂಲ್ಬಾದ ಅಂಗಳ ಜೌಗು ನೆಲದ ಪಕ್ಕದ್ದು; ಅಲ್ಲಿನ ಹುಲ್ಲು ಕಂಬಳಿಯಷ್ಟು ದಪ್ಪ. ಅಲ್ಲಿ ಚೆಂಡು ತಲುಪಿಸಲು ರಟ್ಟೆ ಬೇಕು, ಅದಕ್ಕಿಂತ ಹೆಚ್ಚಾಗಿ ಒಳ್ಳೆಯ ಮಂಡಿ ಬೇಕು. ಎನಿಡ್ ಕ್ಲೆಮ್‌ನ ಕೈಯಿಂದ ಬೀಗದ ಕೈ ಕಿತ್ತುಕೊಂಡು ಹೇಳಿದರು: "ನಿನ್ನ ಹೆಂಡತಿಗೆ ಈ ಬಟ್ಟಲು ತಪ್ಪಿಸೋಕೆ ಕೂಲ್ಬಾದವರಿಗೆ ಇಷ್ಟು ವರ್ಷ ಇಡೀ ತಂಡವೇ ಬೇಕಾಯ್ತು. ನೀನು ಒಬ್ಬನೇ ಮಾಡ್ದೆ."

ಕ್ಲೆಮ್‌ಗೆ ಆಗ ಮೊದಲ ಬಾರಿ ತಾನು ಮಾಡಿದ್ದೇನೆಂದು ಹೊಳೆಯಿತು. ಅವನು ನೇರವಾಗಿ ಟ್ರಾನ್ ಮೇಷ್ಟ್ರ ಮನೆಗೆ ಹೋದ. ಮೇಷ್ಟ್ರು ಹಿತ್ತಲಲ್ಲಿ ಗೊಬ್ಬರದ ಚೀಲವೊಂದನ್ನು ಟೊಮೇಟೊ ಮಡಿಯ ಕಡೆಗೆ ಎಳೆಯುತ್ತಿದ್ದರು.

"ಮೇಷ್ಟ್ರೇ, ನಿಮ್ಮ ಉಪನ್ಯಾಸದಿಂದ ನನ್ನ ಸಂಸಾರ ಹಾಳಾಗ್ತಿದೆ."

ಎಲ್ಲವನ್ನೂ ಕೇಳಿದ ಮೇಷ್ಟ್ರು ಚೀಲ ಬಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡರು. "ಮಿಸ್ಟರ್ ಟ್ರೆಜೈಸ್, ನೀವು ಎರಡನೇ ಅರ್ಧ ಕೇಳ್ಲಿಲ್ಲ."

"ಇನ್ನೊಂದು ಅರ್ಧ ಇತ್ತಾ?"

"ಅದೇ ಉಪನ್ಯಾಸ. ನೀವು ಕೇಳಿದ್ದು ಪೀಠಿಕೆ." ಮೇಷ್ಟ್ರಿಗೆ ಶಿಷ್ಯ ಸಿಕ್ಕಿದ ಖುಷಿ ತಡೆಯಲಾಗಲಿಲ್ಲ. "ಘರ್ಷಣೆ ಕಳ್ಳ ಅಲ್ಲ. ಅದು ತಗೊಂಡದ್ದು ಮಾಯ ಆಗಲ್ಲ. ಬಿಸಿಯಾಗಿ ಹುಲ್ಲಿಗೂ ಚೆಂಡಿಗೂ ಸೇರುತ್ತೆ. ಚಲನೆಯ ಲೆಕ್ಕದಲ್ಲಿ ಕಡಿಮೆ, ಬಿಸಿಯ ಲೆಕ್ಕದಲ್ಲಿ ಜಾಸ್ತಿ. ವಾಪಸ್ ಮಾತ್ರ ಕೊಡಲ್ಲ. ಗುರುತ್ವಾಕರ್ಷಣೆ ಹಾಗಲ್ಲ, ಹತ್ತುವಾಗ ತಗೊಂಡಿದ್ದನ್ನ ಇಳಿಯುವಾಗ ಪೂರ್ತಿ ಕೊಡುತ್ತೆ. ನೀವು ನೆಟ್ಟಗೆ ಹತ್ತಿದ್ರೋ, ಸುತ್ತಿಕೊಂಡು ಹತ್ತಿದ್ರೋ, ಅದು ಕೇಳೋದೇ ಇಲ್ಲ. ಘರ್ಷಣೆ ಕೇಳುತ್ತೆ. ಈ ಚೀಲ ನೆಟ್ಟಗೆ ಎಳೆದ್ರೆ ಒಂದು ಖರ್ಚು. ಮನೆ ಸುತ್ತಿಸಿ ಎಳೆದ್ರೆ ಅದಕ್ಕಿಂತ ಜಾಸ್ತಿ. ದಾರಿ ಉದ್ದ ಆದಷ್ಟೂ ಅದಕ್ಕೆ ಹೆಚ್ಚು ಸುಂಕ."

"ಅಂದ್ರೆ ಅದಿಲ್ದಿದ್ರೆ..."

"ಅದಿಲ್ದಿದ್ರೆ ನೀವು ಪೇಸ್ಟಿ ಮೇಜಿನ ತನಕ ನಡೆಯೋಕೂ ಆಗ್ತಿರಲಿಲ್ಲ. ಕಾಲು ಜಾರ್ತಿತ್ತು. ಇನ್ನು ನಿಮ್ಮ ಆಟ. ಚೆಂಡು ಎಲ್ಲಿ ನಿಲ್ಲುತ್ತೆ ಅನ್ನೋದೇ ತಾನೆ ಆ ಆಟ? ನಿಲ್ಲಿಸೋನು ಯಾರು ಅಂದ್ಕೊಂಡ್ರಿ?"

ಕ್ಲೆಮ್ ಬಗ್ಗಿ ಗೊಬ್ಬರದ ಚೀಲದ ಇನ್ನೊಂದು ತುದಿ ಹಿಡಿದ. ಇಷ್ಟು ವರ್ಷ ಬಸ್ಸಿನ ಬ್ರೇಕಿನ ಮೇಲೆ ಕಾಲಿಟ್ಟು, ಊರಿನ ಮಕ್ಕಳನ್ನೆಲ್ಲ ಒಂದು ತರಚು ಗಾಯವಿಲ್ಲದೆ ಮನೆ ತಲುಪಿಸಿದ್ದ. ಆ ಕಾಲಡಿಯಲ್ಲಿ ದಿನಾ ದುಡಿದವನನ್ನೇ ಈಗ ಕಳ್ಳ ಎಂದು ಕರೆದಿದ್ದ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಹೋರೇಸ್ ಬರುವ ತನಕ ಯಾರೂ ಅಂಗಳ ಮುಟ್ಟಕೂಡದೆಂದು ಎನಿಡ್ ಬೀಗ ಜಡಿದಿದ್ದರು. ಶುಕ್ರವಾರ ಕ್ಲೆಮ್ ಕ್ಲಬ್ಬಿನ ಬೇಲಿಯ ಹೊರಗೆ ರಬ್ಬರಿನ ಪೈಪು ಹಿಡಿದು ನಿಂತದ್ದನ್ನು ಹಲವರು ನೋಡಿದರು. ನೀರು ಎನಿಡ್ ಅವರ ಜೆರೇನಿಯಂ ಕುಂಡಗಳ ತನಕ ಹೋಯಿತು, ಅದರಾಚೆ ಹೋಗಲಿಲ್ಲ.

ಶನಿವಾರ ಬೆಳಿಗ್ಗೆ ಅಡಿಲೇಡ್ ಬಸ್ಸಿನಿಂದ ಇಬ್ಬರು ಇಳಿದರು. ಒಬ್ಬರು ಅಂಪೈರ್, ನೆಟ್ಟಗೆ ಇಸ್ತ್ರಿ ಮಾಡಿದಂಥ ಹೆಂಗಸು. ಇನ್ನೊಬ್ಬ ಒಂದು ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ ಕಟ್ಟಿಕೊಂಡ ಹೋರೇಸ್. ಅವನು ಬೇಲಿಯ ಬಳಿ ನಿಂತು ಅಂಗಳವನ್ನು ಒಂಟಿಗಣ್ಣಿನಿಂದ ನೋಡಿದ. ಕ್ಲೆಮ್ ಎನಿಡ್ ಅವರ ಬೆನ್ನ ಹಿಂದೆ ಸರಿದ. ಅಲ್ಲಿ ಜಾಗ ಧಾರಾಳವಾಗಿತ್ತು.

"ಯಾರು ಮಾಡಿದ್ದು ಇದನ್ನ?" ಎಂದ ಹೋರೇಸ್.

ಎಲ್ಲರೂ ಎನಿಡ್ ಅವರ ಬೆನ್ನ ಕಡೆ ನೋಡಿದರು.

"ನಾನು ಜೀವಮಾನ ಪೂರ್ತಿ ಹೀಗೊಂದ್ಸಲ ಮಾಡ್ಬೇಕು ಅಂತಿದ್ದೆ," ಎಂದ ಹೋರೇಸ್, ಟೋಪಿ ತೆಗೆದು. "ಎನಿಡ್ ಬಿಡ್ಲಿಲ್ಲ."

ಪರೀಕ್ಷೆಗೆಂದು ರೆಜ್ ನಿಟ್ಸ್ಕೆಯೇ ಮೊದಲ ಚೆಂಡು ಉರುಳಿಸಿದ. ಜೌಗಿನ ಹುಲ್ಲಿನಲ್ಲಿ ಬೆಳೆದ ತೋಳು. ಚೆಂಡು ಚರಂಡಿ ತಲುಪಿ, ದಂಡೆಗೆ ಬಡಿದು, ಸದ್ದು ಮಾಡಿ ಬಿತ್ತು. "ನೋಡಿದ್ರಲ್ಲ," ಎಂದ ರೆಜ್, ಅಂಪೈರಿಗೆ. ಅಂಪೈರ್ ಪೆನ್ನು ತೆಗೆದರು.

"ನಾನೊಂದು ಬಿಡಲಾ?" ಎಂದಳು ಡಲ್ಸಿ.

ಅವಳು ಚೆಂಡು ಬಿಡಲೆಂದು ಹಾಸಿದ ಪುಟ್ಟ ಚಾಪೆಯ ಮೇಲೆ ನಿಂತು, ಒಳ್ಳೆಯ ಕಾಲಿನ ಮೇಲೆ ಭಾರ ಹಾಕಿ, ಹಲ್ಲು ಕಚ್ಚಿ ಎಷ್ಟು ಸಾಧ್ಯವೋ ಅಷ್ಟೇ ಬಗ್ಗಿದಳು. ಕೈಯಿಂದ ಚೆಂಡು ಬಿಟ್ಟಳೋ, ಅದೇ ಜಾರಿತೋ ಹೇಳುವಂತಿರಲಿಲ್ಲ. ಅದು ಹೊರಟಿತು. ಬಿಳಿ ಚೆಂಡಿನ ಕಡೆಗಲ್ಲ, ಪೂರ್ತಿ ಬೇರೆ ಕಡೆಗೆ. ಕೂಲ್ಬಾದವರು ನಕ್ಕರು. ಅದು ಅವಸರವಿಲ್ಲದೆ ಅಂಗಳದ ಅಂಚಿನ ತನಕ ಹೋಗಿ, ಅಲ್ಲಿಂದ ನಿಧಾನವಾಗಿ ವಾಲಿ ಬಳಸತೊಡಗಿತು. ಎನಿಡ್ ಒಂದು ಬಟ್ಟಲು ಚಹಾ ಬಗ್ಗಿಸಿದರು, ಹಾಲು ಹಾಕಿದರು, ಕಲಕಿದರು. ಅದು ಇನ್ನೂ ಬರುತ್ತಲೇ ಇತ್ತು. ಕೊನೆಗೆ ಬಿಳಿ ಚೆಂಡಿನ ಪಕ್ಕಕ್ಕೆ ಬಂದು, ಕುಳಿತುಕೊಳ್ಳಲೇ ಎಂದು ಕೇಳಿಕೊಂಡಂತೆ ಒಮ್ಮೆ ತೂಗಿ ನಿಂತಿತು.

ಅಂಪೈರ್ ಪೆನ್ನು ಒಳಗಿಟ್ಟರು. "ಅಂಗಳ ಯೋಗ್ಯವಾಗಿದೆ ಮಿಸ್ಟರ್ ನಿಟ್ಸ್ಕೆ. ಉಳಿದದ್ದು ಆಡುವವರಿಗೆ ಬಿಟ್ಟಿದ್ದು."

ಆಟ ಶುರುವಾಯಿತು. ಮೊದಲ ಸುತ್ತುಗಳಲ್ಲಿ ಚೆಂಡುಗಳು ಚರಂಡಿಗೆ ಬೀಳುವ ಸದ್ದೇ ಸದ್ದು. ಕೂಲ್ಬಾದವರದು ಹೆಚ್ಚು ಬಿತ್ತು, ಮರಿಂಡಾದವರದು ಸ್ವಲ್ಪ ಕಡಿಮೆ ಬಿತ್ತು. ಡಲ್ಸಿಯ ತಂಡದಲ್ಲಿ ಮೊದಲ ಚೆಂಡು ಬಿಡುವವನು ಕ್ಲೆಮ್‌ನೇ. ಅವನು ಶತ್ರು ಮಿತ್ರ ಭೇದವಿಲ್ಲದೆ ಎರಡೂ ತುದಿಯ ಚರಂಡಿಗೆ ಚೆಂಡು ಕಳಿಸಿದ. ಊಟದ ಹೊತ್ತಿಗೆ ರೆಜ್‌ನ ತೋಳಿಗೂ ಬುದ್ಧಿ ಬಂತು. ಅವನೂ ಮೆಲ್ಲಗೆ ಬಿಡಲು ಕಲಿತ. ಮರಿಂಡಾದ ಮುನ್ನಡೆ ಕರಗುತ್ತ ಕರಗುತ್ತ ಬಂದು ಕೊನೆಯ ಸುತ್ತಿನ ಹೊತ್ತಿಗೆ ಎರಡೂ ತಂಡ ಸಮ. ರೆಜ್‌ನ ಕೊನೆಯ ಚೆಂಡು ನೆಟ್ಟಗೆ ಬಂದು ಬಿಳಿ ಚೆಂಡಿನ ಮುಂದೆ ಬಾಗಿಲು ಕಾಯುವವನ ಹಾಗೆ ಕುಳಿತಿತು. ಉಳಿದದ್ದು ಡಲ್ಸಿಯ ಒಂದು ಚೆಂಡು. ಮಂಡಿಯ ನೋವಿಗೆ ಅವಳ ಮುಖ ಆಗಲೇ ಬಿಳಿಚಿತ್ತು.

ಕ್ಲೆಮ್ ಅವಳ ಬಳಿಗೆ ಹೋದ. ಎನಿಡ್ ಕಣ್ಣು ಮುಚ್ಚಿಕೊಂಡರು.

"ಡಲ್, ನೆಟ್ಟಗೆ ಹೋದ್ರೆ ಅವನು ಅಡ್ಡ ಕೂತಿದಾನೆ, ಇಲ್ಲಾಂದ್ರೆ ಚರಂಡಿ," ಎಂದ ಅವನು ಪಿಸುಮಾತಿನಲ್ಲಿ. "ಸುತ್ತಿ ಹೋಗ್ಲಿ ಬಿಡು. ಎಷ್ಟು ದೂರದ ದಾರಿ ಇದೆಯೋ ಅಷ್ಟೂ ಸುತ್ತಿಸು. ಹೆಜ್ಜೆ ಹೆಜ್ಜೆಗೂ ಸುಂಕ ಕಟ್ಕೊಂಡು ಬರ್ಲಿ. ಬಂದು ಸೇರೋ ಹೊತ್ತಿಗೆ ಕೈಯಲ್ಲಿ ಏನೂ ಉಳಿದಿರಬಾರದು."

ಡಲ್ಸಿ ಗಂಡನನ್ನು ನೋಡಿದಳು. "ನಿನ್ನಿಂದ ಇಷ್ಟು ಒಳ್ಳೆ ಮಾತು ಮದುವೆ ಆದಾಗಿಂದ ಕೇಳಿಲ್ಲ," ಎಂದಳು. ಆಮೇಲೆ ಬಗ್ಗಿದಳು.

ಚೆಂಡು ಹೋಯಿತು. ಪಕ್ಕದ ಗಡಿ ಗುರುತಿಸಲು ಕಟ್ಟಿದ ದಾರದ ತನಕ, ಇನ್ನೊಂದು ಕೂದಲೆಳೆ ಆಚೆ ಹೋದರೆ ಕೆಟ್ಟಿತು ಎನ್ನುವಷ್ಟು ದೂರ ಹೋಗಿ, ತಿರುಗಿತು. ಚೆಂಡಿನ ಜೊತೆ ಮಾತಾಡುವುದು ಆ ಆಟದ ಹಕ್ಕು. ಎಲ್ಲರೂ ಏನೋ ಒಂದು ಕೂಗುತ್ತಿದ್ದರು. ಕ್ಲೆಮ್ ಮಾತ್ರ ಚೆಂಡಿನ ಜೊತೆ ಮಾತಾಡಲಿಲ್ಲ. ಆ ತುದಿಗೆ ಓಡಿ ಹೋಗಿ, ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿ, ಹುಲ್ಲಿನ ಜೊತೆ ಮಾತಾಡಿದ.

"ತಗೋ ಮಾರಾಯ, ತಗೋ. ವಾರವಿಡೀ ಬೈದಿದೀನಿ, ಮನಸ್ಸಿಗೆ ಹಚ್ಕೋಬೇಡ. ಪೂರ್ತಿ ತಗೋ."

ರೆಜ್‌ನ ಚೆಂಡನ್ನು ಬೆನ್ನ ಹಿಂದಿನಿಂದ ಬಳಸಿಕೊಂಡು ಅದು ಬಂತು. ಬರಬರುತ್ತ ಬಡವಾಯಿತು. ಚೆಂಡಿನ ಮೇಲಿನ ಗುರುತನ್ನು ಓದಬಹುದಾದಷ್ಟು ನಿಧಾನವಾಯಿತು. ಬಿಳಿಯದಕ್ಕೆ ಒರಗಿತು, ನಿಂತಿತು. ಅಂಪೈರ್ ಅಳತೆಯ ಪಟ್ಟಿ ತೆಗೆಯಲೇ ಇಲ್ಲ. ಮರಿಂಡಾದ ಕಡೆಗೆ ಕೈ ಎತ್ತಿದರು.

ಆಮೇಲೆ ಆದ ಗದ್ದಲವನ್ನು ಬರೆಯುವುದು ಕಷ್ಟ. ಎನಿಡ್ ಪೋಲ್‌ಗ್ರೇನ್ ಹೋರೇಸ್‌ನನ್ನು ಅಪ್ಪಿಕೊಂಡರು. ಒಂಟಿಗಣ್ಣಿನ ಹೋರೇಸ್‌ಗೆ ಅದು ಬರುವುದು ಕಂಡಿರಲಿಲ್ಲ. ರೆಜ್ ನಿಟ್ಸ್ಕೆ ಟೋಪಿ ತೆಗೆದು ಡಲ್ಸಿಯ ಎರಡೂ ಕೈ ಹಿಡಿದ. "ಇಷ್ಟು ನಿಧಾನವಾಗಿ ನನ್ನನ್ನ ಯಾರೂ ಸೋಲಿಸಿಲ್ಲ," ಎಂದ, ಮನಸಾರೆ.

ಡಲ್ಸಿ ಕ್ಲೆಮ್‌ನ ಭುಜದ ಮೇಲೆ ಭಾರ ಹಾಕಿ ಅಂಗಳದುದ್ದಕ್ಕೂ ನಡೆದು ಬಂದಳು. ಅವಳ ಚೆಂಡು ಬಳಸಿ ಬಂದ ದಾರಿಯಲ್ಲಿ ನಿಂತಳು. ಅದರ ಗುರುತೇನೂ ಅಲ್ಲಿರಲಿಲ್ಲ.

"ನಾನು ಕೊಟ್ಟಿದ್ದೆಲ್ಲ ಇಲ್ಲೇ ಇದೆ ಅಂತೀಯಾ?"

"ಇಲ್ಲೇ. ಮೇಷ್ಟ್ರು ಹೇಳಿದಾರೆ. ಬಿಸಿಯಾಗಿ."

"ನಾನು ಬಗ್ಗಲಾರೆ. ನೀನೇ ಮುಟ್ಟಿ ನೋಡು."

ಕ್ಲೆಮ್ ಮಂಡಿಯೂರಿ ಹುಲ್ಲಿನ ಮೇಲೆ ಅಂಗೈ ಇಟ್ಟ. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದ.

"ಇದೆ ಡಲ್. ಬೆಚ್ಚಗಿದೆ."

"ಇವತ್ತಿನ ಬಿಸಿಲಿಗೆ ಊರಿನ ಹುಲ್ಲೆಲ್ಲ ಬೆಚ್ಚಗಿದೆ," ಎಂದರು ಎನಿಡ್.

"ಇರ್ಲಿ ಎನಿಡ್," ಎಂದಳು ಡಲ್ಸಿ. "ಅದ್ರಲ್ಲಿ ಒಂದಿಷ್ಟು ನಂದು."